ಮಂಗಳಮ್ಮ ಶನಿಯಾದ ದಿನ

ಹೆಮ್ಮರಗಾಲದ ಅಂಗನವಾಡಿಯಲ್ಲಿ ನಾನು ಸಹಾಯಕಿ. ಅನ್ನ ಬೇಯಿಸುವುದು, ಮಕ್ಕಳ ಮೂಗು ಒರೆಸುವುದು ನನ್ನ ಪಾಲು. ನನ್ನನ್ನು ಕಂಡರೆ, ಈ ಚನ್ನಾಜಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರು ಆಡಿಕೊಳ್ಳುತ್ತದೆ. ನಮ್ಮ ಟೀಚರ್ ಮಂಗಳಮ್ಮನ ಜೊತೆ ಒಂದು ವಾರ ಕೆಲಸ ಮಾಡಿ ನೋಡಲಿ, ಆಮೇಲೆ ಮಾತಾಡಲಿ. ಚಿತ್ರದ ಪುಸ್ತಕ ಕೈಗೆ ಸಿಕ್ಕರೆ ಆ ಹೆಂಗಸಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಮೋಡದ ಪದ್ಯ ಓದಿದರೆ ಮಕ್ಕಳೆಲ್ಲ ಅಂಗಳದ ಮಣ್ಣಲ್ಲಿ ಅಂಗಾತ. ಇರುವೆಯ ಪದ್ಯ ಓದಿದ ದಿನ ನನ್ನ ಬೆಲ್ಲದ ಡಬ್ಬಿ ಖಾಲಿ.

ನಾಲ್ಕು ವರ್ಷದ ಕೋಮಲ ಮಾತ್ರ ಯಾವುದಕ್ಕೂ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲೇ ಮಾತು ಕಮ್ಮಿ, ಇಲ್ಲಂತೂ ಸೊನ್ನೆ. ಅವಳಜ್ಜಿ ರಾಚಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತು ಕಾಯುತ್ತಿದ್ದಳು. ಮಂಗಳಮ್ಮ ದಿನಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗ್ರಹಗಳ ಪುಸ್ತಕ ತೆರೆಯುವಳು. ಶನಿಗ್ರಹದ ಪುಟ ಬಂತೆಂದರೆ ಕೋಮಲ ಅಂಗೈ ಊರಿಬಿಡುವಳು, ಮುಂದಿನ ಪುಟಕ್ಕೆ ಹೋಗಗೊಡುತ್ತಿರಲಿಲ್ಲ.

ದೂರದ ಬಾನಲಿ ತಿರುಗುವ ಹೊತ್ತು
ಸೊಂಟಕೆ ಮಂಜಿನ ಬಳೆಗಳ ಸುತ್ತು

“ಇವ್ಳ ಬಾಯಿ ಬಿಡ್ಸೋದು ಇದೇ ನೋಡಿ ಚನ್ನಾಜಕ್ಕ” ಎಂದು ಮಂಗಳಮ್ಮ ಪೋಷಕರ ಸಭೆಗೆ ಮಕ್ಕಳಿಂದ ಗ್ರಹಗಳ ಆಟ ಆಡಿಸಲು ಹೊರಟಳು. ಹಳೇ ಸೈಕಲ್ ಟೈರಿಗೆ ಬೆಳ್ಳಿ ಕಾಗದ ಸುತ್ತಿ ಶನಿಯ ಬಳೆ ಮಾಡಿದಳು. ಶನಿಯ ಪಾತ್ರ ಸಿಕ್ಕ ಕೋಮಲ ಅದನ್ನು ತಬ್ಬಿಕೊಂಡೇ ಊಟ ಮಾಡಿದಳು.

ಸುದ್ದಿ ಊರಿಗೆ ಬಿತ್ತು, ಶುರುವಾಯಿತು ರಾಮಾಯಣ. ಎಲ್ಲ ತಾಯಂದಿರಿಗೂ ತಮ್ಮ ಮಗು ಗುರುವೇ ಆಗಬೇಕು. ರಾಹು ಕೇತು ಎಲ್ಲಿ ಎಂದು ಪಂಚಾಂಗ ನೋಡುವ ಗಂಗಾಧರಸ್ವಾಮಿ ತಕರಾರು ತೆಗೆದ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಚಮ್ಮ ಬಂದಳು.

“ನನ್ ಮಗನ್ನ ಏಳೂವರೆ ವರ್ಸ ಕಾಡಿ ಈಗ್ತಾನೆ ಬುಟ್ಟವ್ನೆ ಶನಿಮಾತ್ಮ. ಮತ್ತೆ ಮೊಮ್ಮಗಳ ಎಗಲೇರಿಸ್ತೀಯಾ?”

“ಅವ್ವ, ಇದು ಬರೀ ಗ್ರಹ.”

“ಕಾಡೋದೂ ಅದೇ ಗ್ರಹ ಅಲ್ವಾ? ನಾಳಿಂದ ಮಗೀನ ಕಳಿಸಾಕಿಲ್ಲ.”

ಮಂಗಳಮ್ಮ ಸೋತಳು. ಕೋಮಲಳನ್ನು ಗುರು ಮಾಡಿ, ಶನಿ ತಾನೇ ಆಗುತ್ತೇನೆಂದಳು. ಟೈರು ಕಿತ್ತುಕೊಂಡಾಗ ಆ ಕೂಸು ಅಳಲೂ ಇಲ್ಲ, ಗೋಡೆಗೆ ಮುಖ ಮಾಡಿ ಕೂತಿತು.

ಸಭೆಯ ದಿನ ಮಂಗಳಮ್ಮ ಟೈರಿನೊಳಗೆ ತಲೆ ತೂರಿಸಿದಳು. ಅದು ಭುಜದವರೆಗೆ ಬಂದು ಕಚ್ಚಿಕೊಂಡಿತು. ನಾನು ಕೆಳಕ್ಕೆ ಎಳೆದೆ, ಇಳಿಯಲಿಲ್ಲ. ಮೇಲಕ್ಕೆ ಎಳೆದೆ, ಏರಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡೇ ಆಕೆ ಪದ್ಯ ಶುರುಮಾಡಿದಳು. ಜನ ಬಿದ್ದು ಬಿದ್ದು ನಕ್ಕರು.

ಹಳದಿ ಬಟ್ಟೆ ಹೊದ್ದಿದ್ದ ಗುರು ಮಾತ್ರ ನಗಲಿಲ್ಲ. ನೆಟ್ಟಗೆ ಬಂದು ಟೈರು ಹಿಡಿದುಕೊಂಡಿತು.

“ಬುಡಿ ಮಿಸ್. ಅದು ನಂದು.”

ಎಲ್ಲರ ನಗು ನಿಂತಿತು. ನಾನೂ ರಾಚಮ್ಮನೂ ಸೇರಿ, ಮಂಗಳಮ್ಮನ ಜಡೆ ಕಿತ್ತುಬಂದರೂ ಸರಿ ಎಂದು ಟೈರು ಎಳೆದು ತೆಗೆದೆವು. ಕೋಮಲ ಅದರೊಳಗೆ ನಿಂತು ಪದ್ಯ ಹೇಳಿದಳು. ಇನ್ನೊಮ್ಮೆ ಹೇಳಿದಳು. ಟೀ ಆರಿದರೂ ನಿಲ್ಲಿಸಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಮೊನ್ನೆ ರಾಗಿ ಮಿಲ್ಲಿನಲ್ಲಿ ರಾಚಮ್ಮನ ಪಕ್ಕ ಒಂದು ಮಗು ಒಂದೇ ಸಮನೆ ವಟಗುಟ್ಟುತ್ತಿತ್ತು. ಯಾರ ಮಗು ಎಂದು ಯಾರೋ ಕೇಳಿದರು.

“ನಮ್ಮನೆ ಶನಿ ಕಣವ್ವ” ಎಂದಳು ರಾಚಮ್ಮ, ಮಿಲ್ಲಿನ ಸದ್ದಿಗಿಂತ ಜೋರಾಗಿ.