ಶಾವಿಗೆ ಹಿಡಿದ ಬೇಸಿಗೆ

ಜಗಳೂರು ಕಡೆಯ ನಮ್ಮೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿಯರನ್ನು ತಪಾಸಣೆಗೆ ಕರೆದೊಯ್ಯುವುದು, ಬಾಣಂತಿ, ಕೂಸುಗಳನ್ನು ಮನೆಗೇ ಹೋಗಿ ನೋಡುವುದು ನನ್ನ ಕೆಲಸ. ಆ ವರ್ಷ ಸಂಕ್ರಾಂತಿ ಹೊತ್ತಿಗೆ ನಮ್ಮ ಓಣಿಯ ತುದಿಮನೆಯ ಸೊಸೆಗೆ ಎಂಟು ತಿಂಗಳು. ಒಂದು ಮಂಗಳವಾರ ನನ್ನನ್ನು ನಿಲ್ಲಿಸಿ, "ಅಕ್ಕಾ, ತಲೆ ಸಿಡಿತೈತೆ, ಕಾಲೂ ಬಾತೈತೆ" ಅಂದಳು. ನಾನು ಮೀಟಿಂಗಿಗೆ ಹೊರಟಿದ್ದೆ. "ಗುರುವಾರ ಡಾಕ್ಟ್ರು ಬರ್ತಾರೆ, ಕರ್ಕೊಂಡು ಹೋಗ್ತೀನಿ" ಅಂದು ಓಡಿದೆ. ಅದು ಅಪಾಯದ ಲಕ್ಷಣ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಓಡಿದೆ.

ಬುಧವಾರ ಮಧ್ಯಾಹ್ನ ಅವಳಿಗೆ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೆಣ್ಣುಕೂಸನ್ನು ತೆಗೆದರು. ತಾಯಿ ಉಳಿಯಲಿಲ್ಲ.

ಆಮೇಲೆ ನನಗೆ ಊಟ ಸೇರಲಿಲ್ಲ. ರಿಜಿಸ್ಟರ್ ಬರೆಯಲು ಕೂತರೆ ಒಂದೇ ಸಾಲನ್ನು ಎರಡೆರಡು ಸಲ ಬರೆಯುತ್ತಿದ್ದೆ. ಗಂಡ ಏನು ಕೇಳಿದರೂ ರೇಗುತ್ತಿದ್ದೆ. ಒಂದು ತರಬೇತಿಯಲ್ಲಿ ಮೇಡಂ ಒಬ್ಬರು, ಮನಸ್ಸಿಗೆ ಹಿತವಾದದ್ದನ್ನು ದಿನಾ ಸ್ವಲ್ಪ ಹೊತ್ತು ಮಾಡಿ, ಹಾಡು ಕೇಳಿ, ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರಾಡಿ ಎಂದರು. ಮಾಡಿ ನೋಡಿದೆ. ಕಣ್ಣು ಮುಚ್ಚಿದರೆ ಬಾತ ಪಾದಗಳೇ ಕಾಣುತ್ತಿದ್ದವು.

ಕೂಸು ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಗೆ ಹೋಗಲೇಬೇಕಾಯಿತು. ಸತ್ತವಳ ಅತ್ತೆ, ಆಯಮ್ಮ, ಮಾತಿಲ್ಲದೆ ಕೂಸನ್ನು ತೂಕಕ್ಕೆ ಕೊಡುತ್ತಿದ್ದಳು, ಮಾತಿಲ್ಲದೆ ಎತ್ತಿಕೊಳ್ಳುತ್ತಿದ್ದಳು.

ಒಂದು ದಿನ ಹೋದಾಗ ಆಯಮ್ಮ ಪಡಸಾಲೆಯಲ್ಲಿ ಒಬ್ಬಳೇ ಶಾವಿಗೆ ಮಾಡುತ್ತಿದ್ದಳು. ಓರೆಯಾಗಿಟ್ಟ ಉದ್ದನೆಯ ಶಾವಿಗೆ ಮಣೆಯ ಮೇಲ್ತುದಿಯಲ್ಲಿ ಒಬ್ಬರು ಕೂತು ಕಣಕ ಹೊಸೆದು ಎಳೆ ಇಳಿಸಬೇಕು. ಕೆಳಗೆ ಇನ್ನೊಬ್ಬರು ಅದನ್ನು ಹಿಡಿದು, ಕಡಿಯದಂತೆ ಒಯ್ದು ಕೋಲಿನ ಮೇಲೆ ಹರವಬೇಕು. ಕೆಳಗೆ ಕೂರುತ್ತಿದ್ದವಳು ಸೊಸೆ. ಈಗ ಆಯಮ್ಮ ತಾನೇ ಹೊಸೆದು ತಾನೇ ಎದ್ದು ಬರುವಷ್ಟರಲ್ಲಿ ಎಳೆಗಳು ನೆಲಕ್ಕೆ ಬಿದ್ದು ಗಂಟಾಗುತ್ತಿದ್ದವು.

ಚೀಲ ಇಳಿಸಿ, ಕೈ ತೊಳೆದು, ಕೆಳಗೆ ಕೂತೆ. ಆಯಮ್ಮ ಬೇಡ ಅನ್ನಲಿಲ್ಲ. ನಾನು ಹಿಡಿದ ಬಿಗಿಗೆ ಮೊದಲ ಎಳೆಗಳೆಲ್ಲ ಕಡಿದವು.

"ಬಿಗಿ ಹಿಡೀಬ್ಯಾಡ" ಅಂದಳು. ಸಾವಾದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನದ ಹೊತ್ತಿಗೆ ಕಡಿಯುವುದು ನಿಂತಿತು. ಅಷ್ಟು ಹೊತ್ತು ನಾನು ಬೇರೇನನ್ನೂ ನೆನೆದಿರಲಿಲ್ಲ. ಅವತ್ತು ಗಂಡನ ಜೊತೆ ಕೂತು ಒಂದು ಮುದ್ದೆ ಉಂಡೆ.

ಬಿಡುವಾದಾಗಲೆಲ್ಲ ಹೋಗತೊಡಗಿದೆ. ಕೂಸು ಪಕ್ಕದ ತೊಟ್ಟಿಲಲ್ಲಿ ಮಲಗಿರುತ್ತಿತ್ತು. ಒಂದು ದಿನ ಆಯಮ್ಮ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು: "ಮಂಗಳವಾರ ಸಂಜೆ, ಕಣ್ಣು ಮಂಜಾಗ್ತೈತೆ ಅತ್ತೇ ಅಂದ್ಲು. ಬಸುರ್ಯಾಗೆ ಹಂಗೆಲ್ಲ ಆಗ್ತೈತೆ, ಮಲಿಕ್ಕ ಅಂದೆ. ಮಗನಿಗೆ ಇದನ್ನ ಹೇಳಿಲ್ಲ."

"ನಾನು ಗುರುವಾರ ಅಂದಿದ್ದು ಹೇಳಿದೀರಾ, ಅಮ್ಮಾ?"

"ಅದನ್ನ ಹೇಳೀನಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿದ್ದ ಎಳೆಯನ್ನು ಕೋಲಿಗೆ ಹಾಕಿ ಮತ್ತೆ ಬಂದು ಕೂತೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಆಯಮ್ಮನ ಮಗ ಹೊಲದಿಂದ ಬೇಗ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. "ಅವಳ ಜಾಗದಾಗೆ ಕುಂದ್ರಾಕೆ ನಿಂಗೆ ಹೆಂಗೆ ಮನಸ್ಸು ಬಂತು? ಏಳು" ಅಂದ. ಎದ್ದೆ. ಆಯಮ್ಮ ತಲೆ ತಗ್ಗಿಸಿದಳು. ಮುಂದಿನ ವಾರ ಅವನು ಕೂಸನ್ನು ಹೊನ್ನಾಳಿಗೆ, ಹೆಂಡತಿಯ ತವರಿಗೆ ಬಿಟ್ಟು ಬಂದ.

ಮೂರ್ನಾಲ್ಕು ದಿನಕ್ಕೆ ಆಯಮ್ಮ ನಮ್ಮ ಬಾಗಿಲಿಗೆ ಬಂದಳು, ತಲೆಯ ಮೇಲೆ ಮಣೆ ಹೊತ್ತು. "ಕೂಸಿಲ್ಲದ ಮನೆಯಾಗೆ ಒಬ್ಬಳೇ ಕುಂದ್ರಾಕೆ ಆಗವಲ್ದವ್ವ." ನನ್ನ ಗಂಡ ಮಣೆ ಇಳಿಸಿಕೊಂಡು ಗೋಡೆಗೆ ಹೊಂದಿಸಿದ.

ಆಯಮ್ಮನ ಮಗ ಇಂದಿಗೂ ನನ್ನ ಮುಖ ನೋಡುವುದಿಲ್ಲ. ಆಯಮ್ಮ ಆಗಾಗ ಹೊನ್ನಾಳಿಗೆ ಹೋಗುತ್ತಾಳೆ, ಬಂದ ಮರುದಿನ ನಮ್ಮ ಮನೆಗೆ ಬರುತ್ತಾಳೆ. ಮಳೆಗಾಲದಲ್ಲಿ ಶಾವಿಗೆ ಒಣಗುವುದಿಲ್ಲ, ಶೇಂಗಾ ಸುಲಿಯುತ್ತೇವೆ. ಕೂಸಿಗೆ ಹಲ್ಲು ಬಂತು ಅನ್ನುತ್ತಾಳೆ, ತನ್ನನ್ನು ಕಂಡರೆ ಅಳುತ್ತದೆ, ಗುರುತು ಹತ್ತುವುದಿಲ್ಲ ಅನ್ನುತ್ತಾಳೆ. ಆ ಮಂಗಳವಾರ ಸಂಜೆಯ ಮಾತನ್ನು ಮಗನಿಗೆ ಹೇಳಿದಳೋ ಇಲ್ಲವೋ, ನಾನು ಕೇಳಿಲ್ಲ.