ಅಣ್ಣನಿಗೆ ಇಟ್ಟ ಮೂರು ಟ್ಯೂಬು

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಕೆಲಸ ಬಲ್ಲೆ ಎಂಬ ಜಂಬ ನನಗೆ ಬಹಳವಿತ್ತು. ಯಾರಾದರೂ "ಇನ್ನೊಮ್ಮೆ ನೋಡ್ತೀರೇನ್ರಿ?" ಎಂದರೆ ಸಾಕು, ಮೂಗಿನ ತುದಿಗೇ ಸಿಟ್ಟು ಬರುತ್ತಿತ್ತು. "ಎರಡು ಸಲ ನೋಡಿದ್ರ ರಕ್ತ ಬ್ಯಾರೆ ಆಗತೈತೇನ್ರಿ?" ಎಂದು ಒದರಿಬಿಡುತ್ತಿದ್ದೆ. ಪಾಪ, ಅವರು ಚೀಟಿ ತೆಗೆದುಕೊಂಡು ಹೋಗುತ್ತಿದ್ದರು.

ಆ ವರ್ಷ ಬಿಸಿಲು ಏರುವ ಹೊತ್ತಿಗೆ ಸಿರುಗುಪ್ಪದಲ್ಲಿದ್ದ ನನ್ನ ಅಣ್ಣ ಜ್ವರದಿಂದ ಮಲಗಿದ. ಮುಂಜಾನೆ ಚೆನ್ನಾಗಿಯೇ ಇರುತ್ತಿದ್ದ, ಸಂಜೆಯಾದರೆ ಮೈ ಕೆಂಡ. ಆಮೇಲೆ ಹಾಸಿಗೆ ಹಿಂಡುವಷ್ಟು ಬೆವರು. ಮಲೇರಿಯಾ ಮಾತ್ರೆ ಆಯಿತು, ಟೈಫಾಯ್ಡ್ ಮಾತ್ರೆ ಆಯಿತು. ಎರಡು ತಿಂಗಳಾಗುವಷ್ಟರಲ್ಲಿ ಬೆನ್ನು ಹಿಡಿದು, ಕೂತರೆ ಏಳಲಾರ, ಎದ್ದರೆ ಕೂರಲಾರ. ಭತ್ತದ ಚೀಲವನ್ನು ಒಂದೇ ಏಟಿಗೆ ಹೆಗಲಿಗೇರಿಸುತ್ತಿದ್ದ ಆಸಾಮಿ ಗೋಡೆ ಹಿಡಿದು ಹಿತ್ತಲಿಗೆ ಹೋಗುವಂತಾಯಿತು.

ಡಾಕ್ಟರು ಬೆನ್ನುಮೂಳೆಯ ಕ್ಷಯವಿರಬಹುದು ಎಂದರು. ಹಾಗಿದ್ದರೆ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸಬೇಕು, ಆದರೂ ಕಾಲು ಉಳಿಯುತ್ತವೆಂದು ಹೇಳಲಾಗದು ಎಂದರು. ಅಂದು ನನ್ನನ್ನು ಬಸ್ಸಿಗೆ ಬಿಡಲು ಬಂದ ಅತ್ತಿಗೆ, ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನಮ್ಮ ಎಮ್ಮಿ ದಿನಾ ತುಂಬಕ ಮೊದ್ಲ ಕಂದು ಹಾಕಿತ್ರಿ. ನಿಮ್ಮಣ್ಣನೇ ಅದನ್ನ ಬರಿಗೈಲೆ ಎಳದು ತೆಗದ. ಯಾರ ಮುಂದೂ ಹೇಳಬ್ಯಾಡ ಅಂದಾನ, ಗೊತ್ತಾದ್ರ ನಮ್ಮ ಹಾಲು ಯಾರು ತಗೊಂತಾರ?"

ಕಂದು ಹಾಕಿದ, ಅಂದರೆ ಗರ್ಭಪಾತವಾದ ಎಮ್ಮೆಯಿಂದ ಮನುಷ್ಯನಿಗೆ ಬರುವ ಬ್ರುಸೆಲ್ಲೋಸಿಸ್ ಎಂಬ ಜ್ವರದ ಬಗ್ಗೆ ಓದಿದ್ದೆ. ಅದಾಗಿದ್ದರೆ ಔಷಧವಿದೆ, ಪ್ಲಾಸ್ಟರ್ ಬೇಡ. ಅಲ್ಲಿಂದಲೇ ತಿರುಗಿ ಮನೆಗೆ ಹೋಗಿ, ಅಣ್ಣನ ತೋಳಿನಿಂದ ರಕ್ತ ತೆಗೆದುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೀಸೆಯನ್ನು ಕೈಯಿಂದ ಬಿಡಲಿಲ್ಲ.

ಈಗ ರೋಗಾಣುವಿನ ವಂಶವಾಹಿಯನ್ನೇ ಅಕ್ಷರ ಅಕ್ಷರವಾಗಿ ಓದಿ, ಅದು ಎಮ್ಮೆಯದೋ ಕುರಿಯದೋ ಎಂದೂ ಹೇಳುತ್ತಾರಂತೆ. ನಮಗೆ ಆಗ ಇದ್ದದ್ದು ಸತ್ತ ರೋಗಾಣು ಬೆರೆಸಿದ, ಗಂಜಿಯಂಥ ಒಂದು ದ್ರವ. ರೋಗಿಯ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿಯನ್ನು ಸಾಲು ಟ್ಯೂಬುಗಳಲ್ಲಿ ಒಂದಕ್ಕಿಂತ ಒಂದು ತೆಳ್ಳಗೆ ಮಾಡಿ, ಅದಕ್ಕೆ ಈ ದ್ರವ ಹಾಕಿ ಬೆಚ್ಚಗೆ ಇಡಬೇಕು. ರೋಗವಿದ್ದರೆ ರೋಗಾಣುಗಳು ಗುಂಪುಗೂಡಿ ತಳಕ್ಕೆ ಕೂರುತ್ತವೆ, ಮೇಲೆ ನೀರು ತಿಳಿಯಾಗುತ್ತದೆ. ಇಲ್ಲದಿದ್ದರೆ ಮಸುಕು ಮಸುಕಾಗಿಯೇ ಇರುತ್ತದೆ. ಆ ದ್ರವ ದೂರದ ಊರಿಂದ ಮಂಜುಗಡ್ಡೆಯಲ್ಲಿ ಬರಬೇಕು. ಅದನ್ನು ಉಳಿಸಲೆಂದು ನಮ್ಮಲ್ಲೊಂದು ರೂಢಿಯಿತ್ತು: ಮೊದಲು ಗಟ್ಟಿಯಾದ ಮೂರೇ ಟ್ಯೂಬು, ಅವುಗಳಲ್ಲಿ ಕಂಡರೆ ಮಾತ್ರ ಉಳಿದವು. ಗಟ್ಟಿ ರಕ್ತದಲ್ಲೇ ಕಾಣದ್ದು ತೆಳುವಿನಲ್ಲಿ ಎಲ್ಲಿಂದ ಕಂಡೀತು?

ಅಣ್ಣನಿಗೂ ಮೂರೇ ಇಟ್ಟೆ. ಮರುದಿನ ನೋಡಿದರೆ ಮೂರೂ ಮಸುಕು. ಬೆಳಕಿಗೆ ಹಿಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ಇಲ್ಲ. "ರೋಗವಿಲ್ಲ" ಎಂದು ನನ್ನ ಕೈಯಾರೆ ಬರೆದು ಕಳಿಸಿದೆ. ಆ ವಾರವೇ ಅಣ್ಣನಿಗೆ ಪ್ಲಾಸ್ಟರ್ ಬಿತ್ತು, ಕ್ಷಯದ ಮಾತ್ರೆ ಶುರುವಾಯಿತು.

ನಮ್ಮ ಕಡೆಯ ಬೇಸಿಗೆಯಲ್ಲಿ ಮೈಮೇಲಿನ ತೆಳು ಅಂಗಿಯೇ ಭಾರ. ಅಣ್ಣ ಆ ಬಿಳಿ ಗೂಡಿನೊಳಗೆ ಬೆಂದ. ಒಳಗೆ ತುರಿಕೆಯೆದ್ದರೆ ಅವ್ವ ಬೀಸಣಿಗೆಯ ಕಡ್ಡಿ ತೂರಿಸಿ ಕೆರೆಯುತ್ತಿದ್ದಳು. ಜ್ವರ ಮಾತ್ರ ಸಂಜೆಯಾದರೆ ಹಾಜರು. ಭಾನುವಾರ ಹೋದಾಗಲೆಲ್ಲ "ತಂಗೆವ್ವ, ನಾ ನಡೀತೀನೇನ ಮತ್ತ?" ಎಂದು ಕೇಳುತ್ತಿದ್ದ. ನಡೆಯದೆ ಏನು, ಎಂದು ನಗುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಜಂಬ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದು ಆಗಲೂ ನನಗೆ ಹೊಳೆಯಲಿಲ್ಲ.

ನಾಲ್ಕನೆಯ ವಾರ ಕುರುಗೋಡಿನ ದನದ ಆಸ್ಪತ್ರೆಯಿಂದ ಕಾಂಪೌಂಡರ್ ಒಬ್ಬ ಅದೇ ದ್ರವವನ್ನು ಸ್ವಲ್ಪ ಕಡ ಕೇಳಲು ಬಂದ. ಎಮ್ಮೆಗಳ ರಕ್ತ ನೋಡಬೇಕಿತ್ತಂತೆ. ಎಷ್ಟು ಬೇಕು ಎಂದೆ. ಒಂದು ಎಮ್ಮೆಗೆ ಎಂಟು ಟ್ಯೂಬಿನ ಲೆಕ್ಕ ಹೇಳಿದ.

"ಎಂಟ್ಯಾಕ್ರಿ? ನಾ ನಮ್ಮ ಅಣ್ಣಗ ಮೂರರಾಗ ಮುಗಿಸೀನಿ," ಎಂದೆ.

ಅವನು ನಕ್ಕುಬಿಟ್ಟ. "ಏನ್ ಅಕ್ಕಾರ, ಎಮ್ಮಿಗೆ ಎಂಟು, ಅಣ್ಣಗ ಮೂರನ? ರೋಗ ಜೋರಿದ್ರ ಮೊದಲಿನ ಗಟ್ಟಿ ಟ್ಯೂಬು ಸುಳ್ಳು ಹೇಳ್ತಾವ್ರಿ. ಕಡೀ ತೆಳು ಟ್ಯೂಬು ನೋಡಬೇಕು."

ರಕ್ತದಲ್ಲಿ ಹೋರಾಡುವ ಅಂಶ ವಿಪರೀತವಿದ್ದರೆ ಒಂದೊಂದು ರೋಗಾಣುವನ್ನೂ ಬೇರೆ ಬೇರೆಯಾಗಿ ಮುತ್ತಿಕೊಳ್ಳುತ್ತದೆ, ಎರಡನ್ನು ಕೂಡಿಸಲು ಕೈ ಬಿಡುವಿರುವುದಿಲ್ಲ. ತೆಳುವಾದ ಮೇಲೇ ಗುಂಪುಗೂಡುವುದು. ಅವನು ಬಿಡಿಸಿ ಹೇಳಿದ ಇದನ್ನು ನಾನು ಎಲ್ಲೂ ಓದಿರಲಿಲ್ಲ. ಫ್ರಿಜ್ಜಿನಲ್ಲಿ ಅಣ್ಣನ ರಕ್ತದ ತಿಳಿ ಇನ್ನೂ ಇತ್ತು. ಕಾಂಪೌಂಡರನ ಎದುರಿಗೇ ಎಂಟು ಟ್ಯೂಬು ಇಟ್ಟೆ.

ಮರುದಿನ ಮೊದಲ ಮೂರು ಅದೇ ಮಸುಕು. ನಾಲ್ಕನೆಯದರಿಂದ ಎಂಟನೆಯದರವರೆಗೆ ಕಣ್ಣಿಗೆ ರಾಚುವಷ್ಟು ತಿಳಿ ನೀರು, ತಳದಲ್ಲಿ ಬಿಳಿ ಚಕ್ಕೆ. ನಾನು ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿದರು. ಒಳಗೆ ಚರ್ಮ ಕಿತ್ತು ಕೆಂಪಾಗಿತ್ತು. ದಿನಾ ಸೂಜಿ, ಬೇರೆ ಮಾತ್ರೆ. ಎರಡನೆಯ ವಾರಕ್ಕೆ ಜ್ವರ ಬಿಟ್ಟಿತು. ಅವ್ವ ಅಡುಗೆಮನೆಗೆ ಹೋದ ಹೊತ್ತು ನೋಡಿ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. "ನನ್ನ ತಪ್ಪಿನಿಂದ ನೀ ಇಷ್ಟು ದಿನ ಬೆಂದಿ," ಎಂದೆ.

ಬೈಯಲಿ ಎಂದು ಕಾದೆ. ಅವನು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. "ಅವ್ವಗ ಹೇಳಬ್ಯಾಡ," ಎಂದ, ಅಷ್ಟೇ.

ಅಣ್ಣ ನಡೆದ. ಆದರೆ ಬೆನ್ನು ಮೊದಲಿನಂತಾಗಲಿಲ್ಲ, ಚೀಲ ಎತ್ತಲಾಗಲಿಲ್ಲ. ಬೇಗ ಔಷಧ ಸಿಕ್ಕಿದ್ದರೆ ಆಗುತ್ತಿತ್ತೋ ಏನೋ, ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನು ಮೊದಲ ಸಲ ಎದ್ದು ಬಂದು ಒಲೆಯ ಮುಂದೆ ಮಣೆಯ ಮೇಲೆ ಕೂತ ದಿನ ನಾನೂ ಪಕ್ಕದಲ್ಲಿದ್ದೆ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಅವನ ತಟ್ಟೆಗೇ. ಅಂದು ಅವ್ವ ಅದನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

"ನೀ ನೋಡದಿದ್ರ ನನ್ನ ಮಗ ಏಳ್ತಿದ್ದಿಲ್ಲವ್ವಾ," ಎಂದಳು.

ನಾನು ಬಾಯಿ ತೆರೆದೆ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಉಣ್ಣು ತಂಗೆವ್ವ, ಆರತೈತಿ," ಎಂದ.

ನಾನು ತಲೆ ತಗ್ಗಿಸಿ ಉಂಡೆ.