ಏಳು ಕಾಲಿನ ಜೇಡ ಉಪವಾಸ ಕೂತಾಗ

ಅಂದು ಬೆಳಿಗ್ಗೆ ಒಲೆಯ ಬೂದಿ ತೆಗೆದೆ. ಹಸು ಕರೆದೆ. ಅತ್ತೆಗೆ ಬಿಸಿನೀರು ಕಾಯಿಸಿದೆ. ಯಜಮಾನರ ಮೊಂಡುಗೈಗೆ ಕಟ್ಟಿದ ಬಟ್ಟೆ ಬದಲಿಸಿದೆ. ಟೀ ಗಿಡಗಳ ನಡುವೆ ಎರಡು ಮಿಡತೆ ಹಿಡಿದು ಸೆರಗಿನ ತುದಿಗೆ ಕಟ್ಟಿಕೊಂಡೆ. ಈ ಕೊನೆಯ ಕೆಲಸ ಇಪ್ಪತ್ತು ದಿನದಿಂದ ದಂಡವಾಗುತ್ತಿತ್ತು.

ನಾವು ಗುಂಡ್ಲುಪೇಟೆ ಕಡೆಯಿಂದ ನೀಲಗಿರಿಯ ಗೂಡಲೂರಿಗೆ ಬಂದವರು. ಯಜಮಾನರಿಗೆ ಟೀ ಫ್ಯಾಕ್ಟರಿಯಲ್ಲಿ ಎಲೆ ಹೊಸೆಯುವ ಯಂತ್ರದ ಕೆಲಸ. ಅರವತ್ತರ ದಶಕದ ಒಂದು ಮಳೆಗಾಲ ಆ ಯಂತ್ರಕ್ಕೆ ಅವರ ಎಡಗೈ ಸಿಕ್ಕಿತು. ಮಣಿಕಟ್ಟಿನಿಂದಾಚೆ ಏನೂ ಉಳಿಯಲಿಲ್ಲ. ನಮ್ಮಲ್ಲಿ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿದ ಮೇಲೇ ಊಟ. ಅಂಗೈಯೇ ಹೋದ ಮೇಲೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. "ನನ್ನ ಅಂಗೈ ಇದೆಯಲ್ಲ" ಎಂದಿದ್ದೆ. "ಕೊರಳಿನ ಲಿಂಗ ಇನ್ನೊಬ್ರ ಕೈ ಸೋಕ್ಬಾರ್ದು ಕಣಮ್ಮಿ" ಎಂದು ಅತ್ತೆ ತಡೆದಿದ್ದರು.

ಹಾಗಿರುವಾಗ ಸೌದೆ ರಾಶಿಯಲ್ಲಿ ಅಂಗೈಯಗಲದ, ಮೈತುಂಬ ರೋಮದ ಜೇಡವೊಂದು ಸಿಕ್ಕಿತು. ಏಳೇ ಕಾಲು. "ಇದಕ್ಕೂ ಒಂದು ಕಮ್ಮಿ" ಎಂದು ಯಜಮಾನರು ಅದನ್ನು ಗಾಜಿನ ಭರಣಿಯಲ್ಲಿ ಸಾಕಿಕೊಂಡರು. ಜೀವ ಕೊಲ್ಲದ ಮನೆ ನಮ್ಮದು. ನಾನು ಮೊದಲು ಹಾಲನ್ನ ಇಟ್ಟೆ, ಆಮೇಲೆ ಸತ್ತ ಜಿರಲೆ. ಮುಟ್ಟಲಿಲ್ಲ. "ಅದು ಕಣ್ಣಲ್ಲಿ ನೋಡಿ ತಿನ್ನಲ್ಲ ಕಣೆ. ನೆಲ ಅದುರ್ಬೇಕು" ಎಂದರು. ಕಣ್ಣು ಮುಚ್ಚಿಕೊಂಡು ಜೀವಂತ ಮಿಡತೆ ಬಿಟ್ಟೆ. ಮಿಡತೆ ಕಾಲಾಡಿಸುವವರೆಗೆ ಕಲ್ಲಿನಂತೆ ಕೂತಿದ್ದ ಜೇಡ ಒಮ್ಮೆಲೇ ಅದರ ಮೇಲೆ ಬಿತ್ತು. ಅವರು ನಕ್ಕರು, ನಾಲ್ಕು ತುತ್ತು ಉಂಡರು. ಅಲ್ಲಿಂದ ಜೇಡ ಮಿಡತೆ ತಿಂದ ದಿನ ಅವರಿಗೆ ಊಟ ಸೇರುವುದು, ಉಳಿದ ದಿನ ಬರೀ ಗಂಜಿ.

ಆಮೇಲೆ ಜೇಡ ತಿನ್ನುವುದನ್ನೇ ಬಿಟ್ಟಿತು. ಮೈ ಮಂಕಾಯಿತು. ಮಿಡತೆ ಹತ್ತಿರ ಬಂದರೆ ತಾನೇ ಹಿಂದೆ ಸರಿಯುತ್ತಿತ್ತು. ಇವರು ಗಂಜಿಯನ್ನೂ ಪಕ್ಕಕ್ಕೆ ತಳ್ಳತೊಡಗಿದರು, ಪಕ್ಕೆಲುಬು ಎಣಿಸುವಂತಾದರು. ಬೇಡಿಕೊಂಡೆ, ಬೈದೆ. ಕೊನೆಗೆ ಭರಣಿಯ ಮುಂದೆ ಕೂತು "ತಿನ್ನೇ ತಾಯಿ" ಎಂದು ಜೇಡಕ್ಕೇ ಕೈಮುಗಿದೆ.

ಅಂದು ಬೆಳಿಗ್ಗೆ ಮಿಡತೆ ತಂದು ನೋಡಿದರೆ ಜೇಡ ಬೆನ್ನ ಮೇಲೆ ಬಿದ್ದಿದೆ, ಕಾಲು ಮೇಲಾಗಿದೆ. ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು. ಅವರು ನೋಡುವ ಮೊದಲು ಹೂತುಬಿಡೋಣವೆಂದು ಭರಣಿಯನ್ನು ಹಿತ್ತಿಲಿಗೆ ಒಯ್ದೆ.

"ಹಂಗೇ ಹಾಕ್ಬೇಡ. ನಮ್ಮನೇಲಿ ಇದ್ದ ಜೀವ, ಕೂರಿಸಿ ಮಣ್ಣು ಮಾಡು" ಎಂದರು ಅತ್ತೆ. ನಮ್ಮವರನ್ನು ಹೂಳುವುದು ಕೂರಿಸಿಯೇ.

"ಜೇಡನ ಹೆಂಗೆ ಕೂರಿಸ್ಲಿ ಅತ್ತೆ? ಪದ್ಮಾಸನ ಹಾಕಿಸ್ಲಾ?"

"ಇರೋವು ಏಳೇ ಅಲ್ವಾ? ಮಡಚು."

ಕಡ್ಡಿಯಿಂದ ಮೆಲ್ಲಗೆ ಎತ್ತಲು ಹೋದೆ. ಒಂದು ಕಾಲು ಅದುರಿತು. ಕಡ್ಡಿ ಕೈಜಾರಿತು.

ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಮೈ ಬಿರಿದು, ಹಾವು ಪೊರೆ ಬಿಡುವಂತೆ ಹಳೆಯ ಚರ್ಮದೊಳಗಿಂದ ಜೇಡ ಮೆಲ್ಲಮೆಲ್ಲಗೆ ಈಚೆ ಬಂತು. ಕಾಲು ಎಣಿಸಿದೆ. ಎಂಟು! ಎಂಟನೆಯದು ತೆಳು, ಗಿಡ್ಡ.

"ರೀ, ಇದಕ್ಕೆ ಕಾಲು ಬಂದಿದೆ!" ಎಂದು ಭರಣಿ ಹಿಡಿದು ಒಳಗೆ ಓಡಿದೆ.

ಅವರು ಎದ್ದು ಕೂತು ಕಾಲು ಎಣಿಸಿದರು. "ಅದರ ಉಪವಾಸಕ್ಕೆ ಕಾಲು ಬಂತು. ನನ್ನದಕ್ಕೆ ಏನ್ ಬರುತ್ತೆ ಹೇಳು."

ನಾನು ಸೆರಗಿನ ಗಂಟು ಬಿಚ್ಚಿ ಮಿಡತೆಗಳನ್ನು ಭರಣಿಗೆ ಸುರಿದೆ.

"ತೆಗಿಯೇ! ಮೈ ಇನ್ನೂ ಮೆತ್ತಗಿದೆ, ಮಿಡತೆನೇ ಅದನ್ನ ಕಚ್ಚುತ್ತೆ. ಒಂದು ವಾರ ಅದಕ್ಕೇನೂ ಬೇಡ."

ಒಂದು ವಾರ! ಅಷ್ಟು ದಿನ ಇವರು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಿಡತೆ ತೆಗೆದು ಹೊರಗೆ ಬಿಟ್ಟೆ, ಕೈ ತೊಳೆದೆ, ಅವರ ಮುಂದೆ ಕೂತು ಎಡ ಅಂಗೈ ಚಾಚಿದೆ. ಅತ್ತೆಯ ಮುಖ ನೋಡಲಿಲ್ಲ. ಚಾಚಿದ ಕೈ ಕೆಳಗಿಳಿಸಲಿಲ್ಲ.

"ಇಡು ಕಣ್ಲಾ ಮಗ" ಎಂದರು ಅತ್ತೆ, ಹಿಂದಿನಿಂದ. "ಅವಳ ಕೈ ಸೋಲ್ತದೆ."

ಒಂದೇ ಕೈಯಲ್ಲಿ ತಡಕಾಡಿ ಅವರು ಕೊರಳಿನಿಂದ ಲಿಂಗ ತೆಗೆದರು.

ಅಂದು ರಾಗಿಮುದ್ದೆ, ಹುರುಳಿ ಸಾರು. ಅವರು ಅರ್ಧ ಮುದ್ದೆ ಉಂಡರು. ಜೇಡ ಏನೂ ತಿನ್ನಲಿಲ್ಲ. ಆ ರಾತ್ರಿ ಮನೆಯಲ್ಲಿ ಮೊದಲು ನಿದ್ದೆ ಹತ್ತಿದ್ದು ಅವರಿಗೇ.